ದೇವರ ಎಡೆಯ ಕಲ್ಲು

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: “ಒಬ್ಬ ಮನುಷ್ಯ ಹಿಂದೆ ಯಾವಾಗಲೋ ಒಂದು ತಪ್ಪು ಮಾಡಿದ್ದಾನೆ. ಅದು ಯಾರಿಗೂ ಗೊತ್ತಿಲ್ಲ. ಆಮೇಲೆ ಅವನು ಒಳ್ಳೆಯ ಕೆಲಸಗಳನ್ನೇ ಮಾಡುತ್ತ ಬಂದಿದ್ದಾನೆ. ಆ ತಪ್ಪಿನಿಂದ ಈಗ ಯಾರಿಗೂ ತೊಂದರೆಯಿಲ್ಲ. ಅದನ್ನು ಅವನು ಬಾಯಿಬಿಟ್ಟು ಹೇಳಲೇಬೇಕೆ? ಹೇಳಿದರೆ ಅವನ ಮಾನ ಹೋಗುತ್ತದೆ, ಬೇರೆ ಯಾರಿಗೆ ಏನು ಸಿಗುತ್ತದೆ?”

ಆ ಮನುಷ್ಯ ಯಾರು ಎಂದು ಗುರುಗಳು ಕೇಳಲಿಲ್ಲ. ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದವಸದ ವ್ಯಾಪಾರಿ ಇದ್ದ. ಅವನ ಮನೆಯ ಪಡಸಾಲೆಯಲ್ಲಿ, ಕಂಬದ ಪಕ್ಕ ನೆಲದೊಳಗೆ, ಊರವರಿಗೆ ಗೊತ್ತಿಲ್ಲದ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ಕೂಡಿಡುವ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಒಂದು ವರ್ಷ ಮಳೆ ಕೈಕೊಟ್ಟಿತು. ಜನ ಖಾಲಿ ಮೊರ ಹಿಡಿದು ಅವನ ಬಾಗಿಲಿಗೆ ಬಂದರು. ಅವನು ಹಿತ್ತಲಿನಲ್ಲಿದ್ದ ಇನ್ನೊಂದು ಹಗೇವನ್ನು ತೆರೆದು ತೋರಿಸಿದ. ಅದು ಖಾಲಿಯಿತ್ತು. ಪಡಸಾಲೆಯದು ತುಂಬಿತ್ತು, ಆದರೆ ಅದರ ಮೇಲೆ ಅವನು ಚಾಪೆ ಹಾಸಿಕೊಂಡು ಕೂತಿದ್ದ. ಬೆಲೆ ಇನ್ನೂ ಏರಲಿ ಎಂದು ಕಾದ. ಬಂದವರು ಹೋದರು. ಕೆಲವರು ಊರು ಬಿಟ್ಟರು, ಕೆಲವರು ಊರಲ್ಲೇ ಮಣ್ಣಾದರು.

ಮರುವರ್ಷ ಮಳೆ ಬಂತು. ಬೇಡವೆನ್ನುವಷ್ಟು ಬಂತು. ಹಗೇವಿನೊಳಗೆ ನೀರಿಳಿದು ಜೋಳ ಕೊಳೆಯಿತು. ತೆಗೆಸೋಣವೆಂದರೆ ತೆಗೆಯುವ ಆಳುಗಳು ಅದೇ ಓಣಿಯವರು. ತಾನೇ ಇಳಿಯೋಣವೆಂದರೆ ಕೊಳೆತ ಹಗೇವಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಅವನು ಒಂದು ಹಳೆಯ ಬಾಗಿಲನ್ನು ಕಡಿದು ಹಗೇವಿನ ಬಾಯಿಗೆ ಹಲಗೆ ಮುಚ್ಚಿದ. ಮೇಲೆ ಮಣ್ಣು ಹಾಕಿ ತುಳಿದ. ಹೆಂಡತಿ ಅದರ ಮೇಲೆ ಸೆಗಣಿ ಸಾರಿಸಿದಳು. ಆಮೇಲೆ ಗಂಡಹೆಂಡಿರು ಆ ವಿಷಯ ಎತ್ತಲಿಲ್ಲ.

ವ್ಯಾಪಾರಿ ಕಲ್ಲೆದೆಯವನೇನಲ್ಲ. ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಏನಾದರೂ ಒಳ್ಳೆಯದು ಮಾಡಬೇಕು ಅನಿಸಿತು. ಸೋಮವಾರ ಸೋಮವಾರ ಊರವರಿಗೆ ತನ್ನ ಮನೆಯಲ್ಲೇ ಊಟ ಹಾಕುವುದೆಂದು ನಿಶ್ಚಯಿಸಿದ. ಊಟಕ್ಕೆ ಪಡಸಾಲೆಯೇ ಆಗಬೇಕು, ಅಷ್ಟು ಜನ ಹಿಡಿಸುವ ಜಾಗ ಬೇರೆ ಇರಲಿಲ್ಲ. ಮಣ್ಣಿನ ನೆಲದಲ್ಲಿ ಪಂಕ್ತಿ ಹಾಕಿದರೆ ಚೆನ್ನಾಗಿರುವುದಿಲ್ಲ, ಹಾಸುಗಲ್ಲು ಹಾಕಿಸೋಣ ಎಂದ. ಕಲ್ಲು ಬಿದ್ದರೆ ಹಗೇವಿನ ಮಾತೂ ಶಾಶ್ವತವಾಗಿ ಮುಗಿಯಿತು ಎಂಬ ಲೆಕ್ಕವೂ ಅದರಲ್ಲಿತ್ತು.

ಕಲ್ಲು ಹಾಸುವವನು ಬಂದ. ಜೊತೆಗೆ ಅವನ ಹೆಂಡತಿ. ಕಲ್ಲನ್ನು ಗೋಡೆಗೆ ಆನಿಸಿಟ್ಟು ಅವರು ಮೊದಲು ನೆಲಕ್ಕೆ ಕೈಹಚ್ಚಿದರು. ಸಾರಣೆಯ ಪದರವನ್ನೆಲ್ಲ ಕೆರೆದರು. ಸಡಿಲ ಮಣ್ಣು ತೆಗೆದು ಜಲ್ಲಿ ಹರವಿದರು. ಹೆಂಡತಿ ದಿಮ್ಮಸು ಎತ್ತಿ ಎತ್ತಿ ಹಾಕಿ ನೆಲ ಬಡಿದಳು. ಆ ಪೆಟ್ಟು ಬಿದ್ದಾಗಲೆಲ್ಲ ವ್ಯಾಪಾರಿ ಕಂಬದ ಕಡೆ ನೋಡುತ್ತಿದ್ದ. ಬೇಗ ಕಲ್ಲು ಹಾಕಿ ಎಂದು ಅವನು ಅವಸರ ಮಾಡಿದ. ಕಲ್ಲು ಹಾಸುವವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ್ತಿಲಿಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ ಪಡಸಾಲೆಯ ತುಂಬ ನೀರು ನಿಲ್ಲಿಸಿದ. ಕಲ್ಲು ಹಾಕುವ ಮುಂಚೆ ಹೀಗೆ ನೀರು ನಿಲ್ಲಿಸಿ ನೋಡುವುದು ಅವರ ಪದ್ಧತಿ. ಎಲ್ಲಿ ನೆಲ ಗಟ್ಟಿಯಿದೆಯೋ ಅಲ್ಲಿ ನೀರು ನಿಧಾನವಾಗಿ ಇಂಗುತ್ತದೆ, ಎಲ್ಲಿ ಪೊಳ್ಳಿದೆಯೋ ಅಲ್ಲಿ ಇಳಿದು ಹೋಗುತ್ತದೆ.

ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ನೀರು ಅಲುಗದೆ ನಿಂತಿತ್ತು. ಆಮೇಲೆ ಕಂಬದ ಪಕ್ಕದಲ್ಲಿ ಗುಳ್ಳೆ ಎದ್ದವು. ಅಲ್ಲಿ ನೀರು ಮೆಲ್ಲಗೆ ಸುತ್ತು ತಿರುಗಿ ಕೆಳಗಿಳಿಯತೊಡಗಿತು.

ಕಲ್ಲು ಹಾಸುವವನು ತಿರುಗಿ ನೋಡಿದ. “ಸಾವ್ಕಾರ್ರ, ಇಲ್ಲಿ ಹಗೇವು ಏನರ ಇತ್ತೇನ್ರಿ?”

“ಹಗೇವು ಹಿತ್ತಲದಾಗ ಐತಿ,” ಎಂದ ವ್ಯಾಪಾರಿ. “ಇಲ್ಲಿ ಇಲಿ ತೂತು ಮಾಡ್ಯಾವ.”

ಹಗೇವು ಇದ್ದರೆ ಇದೆ ಅಂತ ಹೇಳಿಬಿಡಿ ಎಂದು ಕಲ್ಲು ಹಾಸುವವನು ಇನ್ನೊಮ್ಮೆ ಕೇಳಿಕೊಂಡ. ಇದ್ದರೆ ಬಾಯಿ ತೆರೆದು, ಗಾಳಿ ಹೋಗಲು ಬಿಟ್ಟು, ಒಳಗಿನದನ್ನೆಲ್ಲ ತೆಗೆದು, ತಳದಿಂದ ಮಣ್ಣು ತುಂಬಿ ಬಡಿದುಕೊಂಡು ಬರಬೇಕು, ಅದೇನು ದೊಡ್ಡ ಕೆಲಸವಲ್ಲ ಎಂದ. ಅವನ ಮಟ್ಟಿಗೆ ಅದು ದೊಡ್ಡ ಕೆಲಸವಲ್ಲ ನಿಜ. ವ್ಯಾಪಾರಿ ಇಲ್ಲ ಎಂದು ಮತ್ತೆ ತಲೆಯಾಡಿಸಿದ. ಊರಿನ ಸಾವ್ಕಾರನೇ ಹಾಗೆ ಹೇಳಿದ ಮೇಲೆ ಅವನು ನಂಬಿದ. ಬಿಲವೆಂದು ತಿಳಿದು ಹೆಂಚಿನ ಚೂರು, ಜೇಡಿಮಣ್ಣು ತುರುಕಿ ಬಡಿದ. ನೀರು ನಿಂತಿತು, ಯಾಕೆಂದರೆ ಕೆಳಗಿನ ಹಲಗೆ ಇನ್ನೂ ಗಟ್ಟಿಯಿತ್ತು. ಅವನು ಕಲ್ಲು ಹಾಸಿ, ಸಂದು ತುಂಬಿ, ತನ್ನ ಊರಿಗೆ ಹೋದ.

ನೆಲ ಬಹಳ ಚೆನ್ನಾಗಿ ಬಂದಿತ್ತು. ಮೊದಲ ಸೋಮವಾರ ಜನ ಬಂದರು, ಎಲೆ ಹಾಕಿದರು. ಕಂಬದ ಪಕ್ಕದ ಆ ಒಂದು ಕಲ್ಲಿನ ಮೇಲೆ ಯಾರೋ ಕೂರಲು ಹೋದಾಗ ವ್ಯಾಪಾರಿ ಕೈಯಡ್ಡ ಹಿಡಿದ. ಅದು ದೇವರ ಎಡೆ, ಅಲ್ಲಿ ಯಾರೂ ಕೂರಬಾರದು ಎಂದುಬಿಟ್ಟ. ಬಾಯಿಗೆ ಬಂದದ್ದು ಅದು. ಕಲ್ಲಿನ ಮೇಲೆ ಒಂದು ದೀಪ ಇಟ್ಟ, ಮುಂದೆ ಒಂದು ಎಲೆ ಹಾಕಿ ಬಡಿಸಿದ. ಸಾವ್ಕಾರ ದೇವರಿಗೆ ಬಡಿಸಿಯೇ ನಮಗೆ ಬಡಿಸುತ್ತಾನೆ ಎಂದು ಜನ ಮೆಚ್ಚಿದರು.

ಅಲ್ಲಿಂದ ಅದು ಬೆಳೆಯಿತು. ಒಬ್ಬಳು ಆ ಕಲ್ಲಿಗೆ ಹೂವಿಟ್ಟಳು, ಇನ್ನೊಬ್ಬಳು ಹರಕೆ ಹೊತ್ತಳು. ದೇವರ ಪಕ್ಕದಲ್ಲೇ ಉಣ್ಣಬೇಕೆಂದು ತಾಯಂದಿರು ಮಕ್ಕಳನ್ನು ಆ ಕಲ್ಲಿಗೆ ಒತ್ತಿ ಒತ್ತಿ ಕೂರಿಸಿದರು. ಒಂದು ದಿನ ಒಂದು ಮಗು ಅದರ ಮೇಲೆ ಹತ್ತಿ ನಿಂತಿತು. ವ್ಯಾಪಾರಿ ಓಡಿಬಂದು ಅದರ ರಟ್ಟೆ ಹಿಡಿದು ಎಳೆದ, ಒಂದು ಏಟನ್ನೂ ಕೊಟ್ಟ. ಮಗುವಿನ ತಾಯಿ ಬೇಜಾರು ಮಾಡಿಕೊಳ್ಳಲಿಲ್ಲ. ಎಂಥ ಭಕ್ತಿ ಎಂದು ಕೈಮುಗಿದಳು.

ಅವನ ಹೆಸರು ಸುತ್ತಣ ಊರುಗಳಿಗೆ ಹಬ್ಬಿತು. ಅವನು ಮಾತ್ರ ದಿನ ಬೆಳಗಾದರೆ ಆ ದೀಪ ನೋಡುತ್ತಿದ್ದ. ಒಂದು ದಿನ ದೀಪದ ಎಣ್ಣೆ ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಹಲಗೆಗೆ ಗೆದ್ದಲು ಹತ್ತಿತ್ತು, ಕಲ್ಲು ಒಂದು ಮೂಲೆಯಲ್ಲಿ ಕೂರತೊಡಗಿತ್ತು. ಅವನು ದೀಪದ ಕೆಳಗೆ ಬಟ್ಟೆಯ ಚೂರು ಮಡಿಸಿಟ್ಟು ಎಣ್ಣೆಯನ್ನು ಸಮ ಮಾಡಿದ. ಕೆಲವು ದಿನ ಬಿಟ್ಟು ಇನ್ನೊಂದು ಮಡಿಕೆ ಇಟ್ಟ. ಸಂದಿನ ಗಾರೆ ಬಿಟ್ಟುಕೊಂಡಿತು, ಅದರ ಮೇಲೆ ಹೂವು ಹರವಿದ. ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಸೋಮವಾರ ಬರುತ್ತಿತ್ತು, ಜನ ಬರುತ್ತಿದ್ದರು. ಊಟ ಮುಗಿದು ಕಡೆಯವರು ಎದ್ದು ಹೋಗುವವರೆಗೆ ಅವನು ಆ ಕಂಬ ಬಿಟ್ಟು ಕದಲುತ್ತಿರಲಿಲ್ಲ. ಈ ಒಂದು ಸಲ ದಾಟಿದರೆ ಸಾಕು ಅನ್ನುತ್ತಿದ್ದ. ಪ್ರತಿ ಸಲವೂ ಅದನ್ನೇ ಅನ್ನುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಮದುವೆಯಾಗಿ ಬಹಳ ವರ್ಷಕ್ಕೆ ಬಸುರಿಯಾದಳು, ಕುಬಸದ ಶಾಸ್ತ್ರಕ್ಕೆ ತವರಿಗೆ ಬಂದಳು. ಓಣಿಯ ಹೆಂಗಸರೆಲ್ಲ ಸೇರಿದರು. ಹಸಿರು ಸೀರೆ ಉಡಿಸಿದರು, ಬಳೆ ತೊಡಿಸಿದರು. ಅವರಲ್ಲಿ ಒಬ್ಬಳು ಮುದುಕಿ ಇದ್ದಳು. ಆ ಕೆಟ್ಟ ವರ್ಷ ಖಾಲಿ ಮೊರ ಹಿಡಿದು ಬಂದು ಹಾಗೇ ಹಿಂದಿರುಗಿದವಳು. ಆ ವರ್ಷವೇ ಅವಳ ಮೊಮ್ಮಗ ಹಸಿವಿನಿಂದ ತೀರಿಹೋಗಿದ್ದ. ಸಾವ್ಕಾರನ ಮೇಲೆ ಅವಳಿಗೆ ಕೋಪವಿರಲಿಲ್ಲ. ಇಲ್ಲದವನು ಎಲ್ಲಿಂದ ಕೊಟ್ಟಾನು ಎಂದುಕೊಂಡಿದ್ದಳು.

ಆ ಮುದುಕಿಯೇ ಸಾವ್ಕಾರನ ಮಗಳ ಕೈಹಿಡಿದು ಹೇಳಿದಳು: “ಹುಡುಗೀನ ದೇವರ ಎಡೀ ಕಲ್ಲಿನ ಮ್ಯಾಲೆ ಕುಂದ್ರಸ್ರೆವ್ವಾ. ಇದಕ್ಕಿಂತ ಚಲೋ ಜಾಗ ಎಲ್ಲೈತಿ?”

ಹೆಂಗಸರು ಹೌದೆಂದರು. ಒಬ್ಬಳು ದೀಪ ಎತ್ತಿ ಪಕ್ಕಕ್ಕಿಟ್ಟಳು, ಇನ್ನೊಬ್ಬಳು ಹೂವು ಸರಿಸಿದಳು. ವ್ಯಾಪಾರಿ ಅಡ್ಡ ಬಂದು ಬೇಡವೆಂದ. ದೇವರ ಜಾಗ, ಮನುಷ್ಯರು ಕೂರಬಾರದು ಎಂದ. ಬಸುರಿ ಕೂತರೆ ದೇವರು ಸಿಟ್ಟಾಗುತ್ತಾನೆಯೆ ಎಂದು ಅವರು ನಕ್ಕರು. ಹಾಡು ಶುರುವಾಯಿತು. ಮಗಳು ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈ ಮುದುಕಿಗೆ ಕೊಟ್ಟು ನಡೆದಳು. ವ್ಯಾಪಾರಿ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಮಗಳು ಕಲ್ಲಿನ ಅಂಚಿಗೆ ಬಂದಳು.

“ಅಲ್ಲಿ ಕುಂದ್ರಬ್ಯಾಡ,” ಎಂದ ವ್ಯಾಪಾರಿ. “ಅದರ ಕೆಳಗ ಹಗೇವು ಐತಿ.”

ಹಾಡು ನಿಂತಿತು. ಮುದುಕಿ ಮಗಳ ಕೈಬಿಡಲಿಲ್ಲ. ಅವನನ್ನು ನೋಡಿ ಕೇಳಿದಳು, “ಅದರಾಗ ಏನೈತಿ?”

“ಜ್ವಾಳ.”

ಮುದುಕಿ ಆ ಹುಡುಗಿಯನ್ನು ಜೋಪಾನವಾಗಿ ಹಿಂದಕ್ಕೆ ಕರೆದುಕೊಂಡು ಬಂದು, ಗಟ್ಟಿ ನೆಲದ ಮೇಲೆ ಮಣೆ ಹಾಕಿ ಕೂರಿಸಿದಳು. ಹಣೆಗೆ ಕುಂಕುಮ ಇಟ್ಟಳು. ಉಡಿ ತುಂಬಿದಳು. ಶಾಸ್ತ್ರದಲ್ಲಿ ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿಸಿ, ಉಣ್ಣದೆ, ಮನೆಗೆ ಹೋದಳು. ಅವಳ ಹಿಂದೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು. ಆಮೇಲೆ ಆಳುಗಳು ಬಂದು ಹಾರೆ ಹಾಕಿ ಆ ಕಲ್ಲನ್ನು ಎತ್ತಿದಾಗ ಅದರ ಕೆಳಗೆ ಹಲಗೆಯೇ ಇರಲಿಲ್ಲ. ಕಲ್ಲು ಬರೀ ಅಂಚಿನ ಮೇಲೆ ನಿಂತಿತ್ತು. ಮುಂದಿನ ಸೋಮವಾರ ವ್ಯಾಪಾರಿ ಅಡುಗೆ ಮಾಡಿಸಿ ಕಾದ. ಯಾರೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಹಗುರಾದವನಂತೆ ಹೇಳಿದ: “ಅವನ ಮಾನ ಹೋಯಿತು, ಅದು ಸರಿ. ಆದರೂ ಸಮಯಕ್ಕೆ ಹೇಳಿದನಲ್ಲ ಗುರುಗಳೇ. ಮಗಳು ಉಳಿದಳು. ಅವನ ತಪ್ಪಿನಿಂದ ಆ ನೆಲದ ಮೇಲೆ ಯಾರಿಗೂ ಏನೂ ಆಗಲಿಲ್ಲ.”

ಗುರುಗಳು ಕೇಳಿದರು: “ಮಗಳು ಬರುವವರೆಗೆ ಆ ಕಲ್ಲಿಗೆ ಒತ್ತಿಕೊಂಡು ಕೂತು ಉಂಡವರು ಯಾರ ಮಕ್ಕಳು?”