ಅಮ್ಮಣ್ಣಿಯ ಕಾರು, ಬೋವಿಯ ಆನಿಕೆಕೋಲು

“ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಧಾರೆಯೆರೆದು ಕೊಟ್ಟು ಅರ್ಧ ರಾಜ್ಯ ಕೊಡಲಾಗುವುದು. ತಪ್ಪು ಹೇಳಿದವನ ತಲೆ ಅಮಾವಾಸ್ಯೆಗೆ ಉರುಳುವುದು. ಮೊದಲನೆಯ ಒಗಟು ಇದೇ: ನಿಂತರೆ ಸಾಯುತ್ತದೆ, ಕಾಲೆತ್ತಿದರೆ ಹುಟ್ಟುತ್ತದೆ, ದಿನಕ್ಕೆ ನೂರು ಸಲ ಸತ್ತರೂ ಯಾರೂ ಅಳುವುದಿಲ್ಲ. ಏನದು?”

ಹೀಗೆ ಬೆಳ್ಳಿಗುಂದದ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದವನು ರಾಜ ವೀರಗುಂಡೊಡೆಯ. ಹೊಡೆಸದೆ ಏನು ಮಾಡಿಯಾನು? ಮಗಳು ಮುದ್ದಾಜಮ್ಮಣ್ಣಿಗೆ ಸೋದರಮಾವ ಸೀಮೆಯಾಚೆಯಿಂದ ಒಂದು ಕಾರು ಕಳಿಸಿದ್ದ. ರಾಜನ ಮಗಳಾದವಳು ಹಿಂದಿನ ಸೀಟಿನಲ್ಲಿ ಪರದೆ ಎಳೆದು ಕೂರಬೇಕೋ ಬೇಡವೋ? ಈಕೆ ಮುಂದೆ, ಡ್ರೈವರನ ಮಗ್ಗುಲಲ್ಲೇ ಕೂತಳು. ಹಿಂದಿನ ಸೀಟಿಗೇನು ಮುಳ್ಳು ಬಡಿದಿತ್ತೇ ಎಂದು ಊರ ಹೆಂಗಸರು ಗಲ್ಲಕ್ಕೆ ಬೆರಳಿಟ್ಟರು. ಆಮೇಲೊಂದು ದಿನ ಡ್ರೈವರನನ್ನು ಪಕ್ಕಕ್ಕೆ ಸರಿಸಿ ತಾನೇ ಓಡಿಸಿದಳು. ರಾಣಿ ಮೂರ್ಛೆ ಹೋದಳು. ರಾಜ ಮದುವೆ ಎಂದ. ಮಗಳು ಒಗಟು ಎಂದಳು.

ಡಂಗುರದವನು ಅರಳಿಕಟ್ಟೆಗೆ ಬಂದಾಗ ಅಲ್ಲಿ ಮೊಗಣ್ಣ ಕೂತಿದ್ದ. ಅರಮನೆಯ ಪಲ್ಲಕ್ಕಿ ಹೊರುವ ಬೋವಿಗಳ ಹಿರಿಯ. ಕಾರು ಬಂದ ಮೇಲೆ ಪಲ್ಲಕ್ಕಿಯಲ್ಲಿ ಬಾವಲಿ ತೂಗಾಡುತ್ತಿತ್ತು, ಮೊಗಣ್ಣನ ಹೊಟ್ಟೆ ಉರಿಯುತ್ತಿತ್ತು.

“ಸಾಯೋದು, ಹುಟ್ಟೋದು ಅಂದ್ರೆ ದೆವ್ವ ಕಣ್ರೋ! ಆ ಕಾರಿನೊಳಗೇ ಸೇರ್ಕೊಂಡದೆ!” ಎಂದು ಕೂಗಿಬಿಟ್ಟ.

“ಉತ್ತರ ಬಂತು! ತಪ್ಪು!” ಎಂದ ಡಂಗುರದವನು. ಸಿಪಾಯಿಗಳು ಮುದುಕನ ರಟ್ಟೆ ಹಿಡಿದು ಎಳೆದೊಯ್ದರು.

ಸುದ್ದಿ ಮೊಗಣ್ಣನ ಹೆಂಡತಿಗೆ ಹೇಗೆ ಮುಟ್ಟಿತು ಗೊತ್ತೇ? ನಿನ್ನ ಗಂಡ ಅಮ್ಮಣ್ಣಿಗೆ ವರನಾಗಿ ನಿಂತಿದ್ದ ಅಂತ! “ಬಾಯಲ್ಲಿ ಹಲ್ಲಿಲ್ಲ, ಇವನಿಗೆ ನನ್ನ ಮೇಲೆ ಸವತಿ ಬೇಕಾಗಿತ್ತೇ!” ಎಂದು ಎದೆ ಬಡಿದುಕೊಂಡಳು. ಬೈದು ಬೈದು ಕೊನೆಗೆ ಅತ್ತಳು.

“ಸುಮ್ಕಿರವ್ವ,” ಎಂದ ಮಗ ಜವರ. “ಅಪ್ಪನ್ನ ಕರ್ಕೊಂಡು ಬತ್ತೀನಿ.” ಹೆಗಲ ಮೇಲೆ ಟವೆಲು ಹಾಕಿಕೊಂಡು, ಸಂತೆಗೆ ಹೊರಟವನ ಹಾಗೆ ಅರಮನೆಗೆ ನಡೆದ. ಅವನಿಗೆ ಅಮ್ಮಣ್ಣಿಯೂ ಬೇಕಿರಲಿಲ್ಲ, ಅರ್ಧ ರಾಜ್ಯವೂ ಬೇಕಿರಲಿಲ್ಲ. ಅಮಾವಾಸ್ಯೆ ಮರುದಿನವೇ ಇತ್ತು.

ಸಭೆಯಲ್ಲಿ ದಳವಾಯಿಯ ಮಗ ಮೀಸೆ ತಿರುವಿ, “ಕೊಕ್ಕರೆ!” ಎಂದ. ಸಿಪಾಯಿಗಳು ಎಳೆದೊಯ್ದರು. ಬೆಲ್ಲದ ಮಂಡಿ ಸಾಹುಕಾರನ ಮಗ ಬೆವರೊರೆಸಿಕೊಂಡು, “ಹೆಂಗಸರ ಕೋಪ,” ಎಂದ. ಅವನ ಮನೆಯಲ್ಲಿ ಆಗಲೇ ಒಬ್ಬ ಹೆಂಡತಿಯಿದ್ದಳು, ಅದನ್ನು ಬಚ್ಚಿಟ್ಟಿದ್ದ, ಅನುಭವದ ಮಾತು. ಅವನೂ ಹೋದ.

ಜವರ ಮುಂದೆ ಬಂದು ಕೈಮುಗಿದ. “ಅದು ತಮ್ಮ ಕಾರಿನ ಇಂಜಿನ್ನು, ಅಮ್ಮಣ್ಣಿ. ಆದರೆ ಅದು ಸಾಯಲ್ಲ, ಸುಧಾರಿಸಿಕೊಳ್ತದೆ.”

ಅಮ್ಮಣ್ಣಿಯ ಹುಬ್ಬು ಮೇಲೇರಿತು. “ಎರಡನೆಯದು ಕೇಳು. ಯಜಮಾನ ಮಲಗಿದ ಮೇಲೂ ಒಬ್ಬ ಮನೆಯಲ್ಲಿ ದೀಪ ಆರಗೊಡುವುದಿಲ್ಲ, ಹಾಡು ನಿಲ್ಲಗೊಡುವುದಿಲ್ಲ. ಯಜಮಾನನನ್ನು ತಟ್ಟಿ ಎಬ್ಬಿಸುವವನೂ ಅವನೇ. ಯಾರವನು?”

“ಬ್ಯಾಟರಿ, ತಾಯಿ.”

ಸಭೆ ಗುಜುಗುಜು ಎಂದಿತು. ರಾಜ ಸಿಂಹಾಸನದ ತುದಿಗೆ ಜರುಗಿದ. ಬೋವಿಯ ಮಗ ಅಳಿಯನಾಗಿಬಿಟ್ಟರೆ ಎಂದು ರಾಣಿ ಮೂರ್ಛೆಗೆ ಜಾಗ ನೋಡಿಕೊಂಡಳು.

“ಕೊನೆಯದು,” ಎಂದಳು ಅಮ್ಮಣ್ಣಿ. ಈಗ ಅವಳ ದನಿ ಮೆತ್ತಗಾಗಿತ್ತು. “ಬಾಗಿಲು ಬಾಗಿಲಿಗೂ ಮಲಗುವವನು ಒಂದೊಂದು ದಿನ ಎಷ್ಟು ಹೊತ್ತು ನಿಂತರೂ ಕಣ್ಣು ಮುಚ್ಚುವುದಿಲ್ಲ. ಯಾಕೆ? ತಪ್ಪಿದರೆ ಅಪ್ಪ ಮಗ ಇಬ್ಬರ ತಲೆಯೂ ಹೋಗುತ್ತದೆ.”

ಜವರ ತಡವರಿಸಲಿಲ್ಲ. “ಮೂರು ಕಾರಣ, ತಾಯಿ. ಇಂಜಿನ್ನಿನ ಮೈ ಇನ್ನೂ ಬಿಸಿಯಾಗಿರಲ್ಲ. ಇಲ್ಲವೇ ಬ್ಯಾಟರಿ ಸೊರಗಿರ್ತದೆ. ಇಲ್ಲವೇ ಬಿಸಿಲು ಜೋರಾಗಿ, ಒಳಗೆ ಕೂತವರಿಗೆ ತಂಪು ಊದೋ ಕೆಲಸ ಮುಗಿದಿರಲ್ಲ.”

ಅಮ್ಮಣ್ಣಿ ಎದ್ದೇ ನಿಂತಳು. “ಎಲಾ ಇವನ! ಕಾರು ಮುಟ್ಟಿದವನೇ ಅಲ್ಲ ನೀನು. ಯಾರು ಹೇಳಿಕೊಟ್ಟರು?”

ಎಲ್ಲರ ಕಣ್ಣೂ ಡ್ರೈವರನ ಮೇಲೆ ಹೋಯಿತು. ಅವನ ಮುಖ ಬಿಳಿಚಿಕೊಂಡಿತು.

“ಅವನಲ್ಲ ತಾಯಿ, ನಮ್ಮಪ್ಪ ಹೇಳಿಕೊಟ್ಟಿದ್ದು,” ಎಂದ ಜವರ. “ಅಪ್ಪನ ಜೊತೆ ಪಲ್ಲಕ್ಕಿ ಹೊರೋ ಕೆಲಸ ಹೋದ ಮೇಲೆ ಕೋಟೆ ಬಾಗಿಲಲ್ಲೇ ಕೂತಿರ್ತಿದ್ದೆ. ತಮ್ಮ ಕಾರು ಬಂದು ನಿಲ್ತಿತ್ತು, ಗುರ್ರನ್ನೋದು ನಿಲ್ತಿತ್ತು. ದೀಪ ಉರೀತಿತ್ತು, ಹಾಡೂ ಬರ್ತಿತ್ತು. ಕೋಟೆ ಬಾಗಿಲು ತೆರೆದಾಗ ಡ್ರೈವರು ಬ್ರೇಕಿನಿಂದ ಕಾಲು ಎತ್ತಿದ್ರೆ ಮತ್ತೆ ಗುರ್! ಇದು ನಮ್ಮ ಆಟವೇ ಅಂದ್ಕೊಂಡೆ. ಪಲ್ಲಕ್ಕಿ ನಿಂತಾಗ ನಾವು ಅದನ್ನ ನೆಲಕ್ಕೆ ಇಳಿಸಲ್ಲ. ಹೊರೋ ದಂಡಿಗೆಗೆ ಕೆಳಗಿಂದ ಆನಿಕೆಕೋಲು ಕೊಟ್ಟು ಉಸಿರು ತಗೋತೀವಿ. ನಿಂತ ಕಡೆ ಹೆಗಲು ಸವೆಸಿದರೆ ಉಂಡ ಮುದ್ದೆ ದಂಡ ಅಂತಿದ್ದ ಅಪ್ಪ. ನಿಂತ ಕಡೆ ಉರಿಸಿದ ಪೆಟ್ರೋಲೂ ಹಂಗೇ. ನಾವು ಸುಧಾರಿಸಿಕೊಳ್ಳುವಾಗ ಪಂಜಿನವನು ತನ್ನ ಎಣ್ಣೆಯಲ್ಲಿ ಬೆಳಕು ಕಾಯ್ತಾನೆ, ಹೊರಡೋವಾಗ ‘ಹೈ’ ಅಂತ ಎಬ್ಬಿಸ್ತಾನೆ. ಅವನೇ ಬ್ಯಾಟರಿ. ಓಡೋವಾಗ ಇಂಜಿನ್ನು ಅದನ್ನ ತುಂಬ್ತದೆ, ನಿಂತಾಗ ಅದು ಮನೆ ನೋಡ್ಕೋತದೆ. ಮೈ ಬೆಚ್ಚಗಾಗೋ ಮುಂಚೆ ಬೋವಿ ನಿಲ್ಲಬಾರದು, ಸ್ನಾಯು ಹಿಡೀತದೆ. ಪಂಜಿನಲ್ಲಿ ಎಣ್ಣೆ ಕಮ್ಮಿ ಇದ್ರೆ, ಅದು ಆರೋ ಮುಂಚೆ ಮನೆ ಸೇರೋಕೆ ಕಾಲಾಡಿಸ್ತಲೇ ಇರಬೇಕು. ಒಳಗೆ ಕೂತವರು ಸೆಕೆಗೆ ಒದ್ದಾಡಿದ್ರೆ ನಮಗೆಲ್ಲಿ ವಿಶ್ರಾಂತಿ? ಅಷ್ಟೇ ತಾಯಿ.”

“ಮೂರೂ ಸರಿ,” ಎಂದಳು ಅಮ್ಮಣ್ಣಿ. ಅವಳ ಕಣ್ಣು ಪಲ್ಲಕ್ಕಿ ಹೊತ್ತು ಅವನ ಹೆಗಲಿಗೆ ಕಟ್ಟಿದ್ದ ಜಡ್ಡಿನ ಮೇಲಿತ್ತು ಎಂದು ದಾಸಿಯರು ಇವತ್ತಿಗೂ ಹೇಳುತ್ತಾರೆ. “ಏನು ಬೇಕು, ಕೇಳು.”

“ಮೊದಲು ಅಪ್ಪನ್ನ ಬಿಡಿ. ಆ ಕೊಕ್ಕರೆಯನ್ನೂ ಕೋಪವನ್ನೂ ಬಿಟ್ಟುಬಿಡಿ. ತಿಳೀದೆ ಮಾತಾಡಿದವರ ತಲೆ ತೆಗೆದರೆ ಊರಲ್ಲಿ ಕುತ್ತಿಗೆ ಯಾರದ್ದು ಉಳೀತದೆ?”

ರಾಜ ಮೂವರನ್ನೂ ಬಿಡಿಸಿದ. ಈಗ ಆಸೆ ಹುಟ್ಟಿದ್ದರೂ ಮಿಕ್ಕದ್ದನ್ನು ಕೇಳಲು ಜವರ ನಾಚಿಕೊಂಡ. ಅಮ್ಮಣ್ಣಿಗೆ ನಾಚಿಕೆ ಎಲ್ಲಿತ್ತು? ನನ್ನನ್ನು ಮದುವೆಯಾಗುತ್ತೀಯಾ ಎಂದು ತಾನೇ ಕೇಳಿದಳು.

ಮದುವೆಯ ಮೆರವಣಿಗೆಗೆ ಕಾರು ಹೊರಟಿತು. ಮದುಮಗಳೇ ಓಡಿಸಿದಳು, ರಾಣಿ ಈ ಸಲ ಮೂರ್ಛೆ ಹೋಗಲೂ ಬೇಸತ್ತು ಕೂತಿದ್ದಳು. ಕೋಟೆ ಬಾಗಿಲಲ್ಲಿ ಕಾರು ನಿಂತಿತು. ಸದ್ದು ಅಡಗಿತು. ಮೊದಲ ದಿನವೇ ಅಪಶಕುನ ಎಂದು ಹೆಂಗಸರು ಪಿಸುಗುಟ್ಟುವಷ್ಟರಲ್ಲಿ, ಹಿಂದಿನ ಸೀಟಿನಲ್ಲಿ ಹೊಸ ಪೇಟ ಸುತ್ತಿಕೊಂಡು ಹೆಂಡತಿಯ ಮಗ್ಗುಲಲ್ಲಿ ಕೂತಿದ್ದ ಮೊಗಣ್ಣ ಕಿಟಕಿಯಿಂದ ತಲೆ ಹೊರಹಾಕಿದ.

“ಬಾಯಿ ಮುಚ್ರಮ್ಮೀ! ದೆವ್ವಾನೂ ಅಲ್ಲ, ಅಪಶಕುನಾನೂ ಅಲ್ಲ. ಕೋಲು ಕೊಟ್ಟು ಉಸಿರು ತಗೋತಾ ಅದೆ.”

ಅಮ್ಮಣ್ಣಿ ಕಾಲೆತ್ತಿದಳು. ಮೊಗಣ್ಣ ತನಗರಿವಿಲ್ಲದೆಯೇ “ಹೈ!” ಎಂದ. ಕಾರು ಎದ್ದು ಹೊರಟಿತು.