ಎದೆ ತೆರವು

ಮಲಪ್ರಭೆಯ ದಂಡೆಯಲ್ಲಿ ನಿರುಪಾದೆಪ್ಪಜ್ಜನ ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಒಂದು ಬೇವಿನ ಮರ, ಬಂದವರಿಗೆಲ್ಲ ಒಂದೇ ಮಾತು: “ಬಿಡು.”

ಬದುವಿನ ಜಗಳ ತಂದವರಿಗೂ ಬಿಡು, ತಂಬಾಕು ತಿನ್ನುವವರಿಗೂ ಬಿಡು. ಕೇಳಿದವರು ಕೈಮುಗಿದು ಹೋಗುತ್ತಿದ್ದರು. ಅರ್ಧ ಜನ ನದಿ ದಾಟುವುದರೊಳಗೆ ಮರೆಯುತ್ತಿದ್ದರು.

ಮರೆಯದವನೆಂದರೆ ದೇವೇಂದ್ರ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ, ಹನ್ನೊಂದು ವರ್ಷದ ಶಿಷ್ಯ, ಸೋಮವಾರ ತಪ್ಪಿಸಿದವನಲ್ಲ. ಒಂದೇ ಮಾತು ಕಲಿತ ಶಿಷ್ಯ ಕೊಡಲಿ ಸಿಕ್ಕ ಹುಡುಗನಿದ್ದಂತೆ; ಕಂಡಲ್ಲೆಲ್ಲ ಬೀಸುತ್ತಾನೆ.

ಆ ಸಲ ಅವನು ಬುಧವಾರ ಬಂದ. ಗಡ್ಡ ಬೋಳಿಸಿರಲಿಲ್ಲ.

“ಹೆಣ್ಣು ಹುಟ್ಟೇತ್ರಿ ಅಜ್ಜಾರ. ಏಳು ತಿಂಗಳಿಗೇ. ಒಂದು ಕಿಲೋ ನೂರು ಗ್ರಾಂ. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ, ಮೂಗಿಗೆ ನಳಿಗಿ ಹಾಕ್ಯಾರ. ಇವತ್ತಿಗೆ ಆರು ದಿನ.”

ಅಜ್ಜ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದ. “ಅಲ್ಲಿ ಕೂಸಿಟ್ಟು ಇಲ್ಲ್ಯಾಕ ಬಂದಿ?”

“ಧೈರ್ಯ ಕೇಳಾಕ ಬಂದೇನ್ರಿ. ಡಾಕ್ಟರು ಐವತ್ತು-ಐವತ್ತು ಅಂತಾರ. ನೀವು ಕಲಿಸಿದ್ದನ್ನ ಪಾಲಿಸೀನಿ. ಬಿಟ್ಟೀನಿ. ಹಚ್ಚಿಕೊಂಡಿಲ್ಲ. ಮುಖಾನೂ ನೆಟ್ಟಗ ನೋಡಿಲ್ಲ.”

ಹೇಳುವಾಗ ಅವನ ದನಿಯಲ್ಲಿ, ಇಷ್ಟು ದುಃಖದ ನಡುವೆಯೂ, ಪರೀಕ್ಷೆ ಪಾಸಾದವನ ಹೆಮ್ಮೆ ಇಣುಕಿತು. ಅಜ್ಜನ ಕೈ ಬೇಳೆಯ ಮೇಲೇ ನಿಂತಿತು.

“ನಿನ್ನ ಹೇಣ್ತಿ?”

“ಮ್ಯಾಲಿನ ವಾರ್ಡಿನ್ಯಾಗ ಅದಾಳ್ರಿ. ಹೊಟ್ಟಿ ಕೊಯ್ದಾರ. ಬಿಪಿ ಇಳಿವಲ್ದು, ಏಳಾಕ ಬಿಡವಲ್ರು. ಆಕಿಗೆ ವೈರಾಗ್ಯ ತಿಳಿಯೂದಿಲ್ರಿ. ಆಗಲೇ ಹೆಸರು ಇಟ್ಟುಬಿಟ್ಟಾಳ, ಕಲ್ಲವ್ವ ಅಂತ. ಹದಿಮೂರು ದಿನ ಆಗಲಿ, ಉಳಿದ್ರ ಇಡೂಣು ಅಂತ ನಮ್ಮವ್ವ ಅಂದ್ಲು. ಅದಕ್ಕ ಆಕಿ, ‘ಎರಡು ಐವತ್ತರಾಗ ಒಂದು ಐವತ್ತು ನಂದೈತಿ, ಅದನ್ನ ಯಾರಿಗೂ ಬಿಟ್ಟುಕೊಡೂದಿಲ್ಲ’ ಅಂತ ಮೈಮ್ಯಾಲೆ ಬಂದ್ಲು.”

“ಆಕಿಗೆ ಗುರು ಯಾರು?”

“ಯಾರೂ ಇಲ್ರಿ.”

“ಚಲೋ ಆತು,” ಅಂದ ಅಜ್ಜ. “ಆಸ್ಪತ್ರ್ಯಾಗ ನಿನಗ ಏನ್ ಮಾಡು ಅಂದಾರ?”

ದೇವೇಂದ್ರ ಮುಖ ತಗ್ಗಿಸಿದ. “ಅಂಗಿ ತಗದು ಕೂಡ್ರು ಅಂತಾರ್ರಿ. ಕೂಸನ್ನ ಬರೀ ಎದಿ ಮ್ಯಾಲ ಮಲಗಿಸ್ತಾರಂತ. ಮೈಶಾಖಕ್ಕ ಉಸಿರು ಸುಧಾರಸ್ತೈತಂತ. ಆದ್ರ ಎದಿ ಮ್ಯಾಲ ಏನೂ ಇರಬಾರದು, ಲಿಂಗ ತಗೀರಿ ಅಂದ್ರು. ಲಿಂಗ ಹೆಂಗ ತಗೀಲಿ? ಆಗೂದಿಲ್ಲ ಅಂದೆ.”

ಬಿಳಿ ಶಿವದಾರದಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ ಅವನ ಎದೆಯ ಮೇಲೆ ಮೊಟ್ಟೆಯಷ್ಟು ದಪ್ಪಗೆ ಕೂತಿತ್ತು. ಒಳಗೆ ಇಷ್ಟಲಿಂಗ. ಚಿಕ್ಕಂದಿನಲ್ಲಿ ಕಟ್ಟಿಸಿಕೊಂಡದ್ದು, ಒಂದು ದಿನವೂ ಮೈಬಿಟ್ಟು ಇಳಿದದ್ದಲ್ಲ.

ಅಜ್ಜ ಮೊರ ಕೆಳಗಿಟ್ಟ. ಶಲ್ಯ ಹೆಗಲಿಗೆ ಹಾಕಿಕೊಂಡು ಬಸ್ ನಿಲ್ಲುವ ಕಡೆ ನಡೆದ.

“ಎಲ್ಲಿಗ್ರಿ ಅಜ್ಜಾರ?”

“ನಿನ್ನ ಎದಿ ತೆರವಿಲ್ಲಂತ. ನಂದು ತೆರವು ಮಾಡತೀನಿ, ನಡಿ.”

ಆಸ್ಪತ್ರೆಯಲ್ಲಿ ಅಜ್ಜ ಮೊಳಕೈತನಕ ಸೋಪು ಹಚ್ಚಿ ಕೈ ತೊಳೆದ. ಅಂಗಿ ಬಿಚ್ಚಿದ. ತನ್ನ ಕರಡಿಗೆಯನ್ನು ಎದೆಯಿಂದ ಸರಿಸಿ ತೋಳಿಗೆ ಕಟ್ಟಿಕೊಂಡ. ಹಾಗೇ ಹೋಗಿ ಕೂಸುಗಳ ಕೋಣೆಯ ಬಾಗಿಲಲ್ಲಿ ನಿಂತ.

ನರ್ಸ್ ಸುವಾರ್ತಾ ಕಣ್ಣರಳಿಸಿದಳು. “ಯಾರ್ರಿ ನೀವು?”

“ಕಲ್ಲವ್ವನ್ನ ಹಿಡಕೊಳ್ಳಾಕ ಬಂದೀನಿ.”

“ಅಪ್ಪ ಇಲ್ಲಂದ್ರ ಅವ್ವ ಬೇಕ್ರಿ ಯಜ್ಜಾ.”

“ಅವ್ವ ಏಳುವಂಗಿಲ್ಲ. ಅಪ್ಪ ಸನ್ಯಾಸಿ ಆಗ್ಯಾನ. ಎಪ್ಪತ್ತೆಂಟು ವರ್ಷದ ಎದಿ ಇದು, ಇನ್ನೂ ಬಿಸಿ ಐತಿ. ಬೇಕಾದ್ರ ಮುಟ್ಟಿ ನೋಡ್ರಿ.”

ದೇವೇಂದ್ರನಿಗೆ ಭೂಮಿ ಬಾಯ್ದೆರೆಯಬಾರದೇ ಅನ್ನಿಸಿತು. ನಾಚಿಕೆಯಲ್ಲಿ ಆರು ದಿನದ ಸುಳ್ಳು ಕರಗಿತು. ಅವನು ಅತ್ತುಬಿಟ್ಟ.

“ಅಜ್ಜಾರ, ಲಿಂಗದ ಮಾತು ನೆವ. ನನಗ ಹೆದರಿಕಿ. ಹಿಡಕೊಂಡಾಗಲೇ ಹೋದ್ರ?”

“ಹಿಡೀದೇ ಇದ್ದಾಗ ಹೋದ್ರ?”

ದೇವೇಂದ್ರ ಕಣ್ಣು ಒರೆಸಿಕೊಂಡ. ಅರ್ಧ ಸಿಟ್ಟಿನಲ್ಲೇ ಅಂದ, “ಬಿಡು ಅಂದವರು ನೀವ ಅಲ್ರೀ?”

“ಹಿಡದವರಿಗೆ ಅಂದಿದ್ದೆ. ನೀ ಹಿಡದದ್ದು ಯಾವಾಗ?” ಅಜ್ಜ ಅವನ ಹತ್ತಿರ ಬಂದ. “ದಿನಾ ಮುಂಜಾನಿ ಲಿಂಗಾನ ಅಂಗೈಯಾಗ ಇಟಗೊಂಡು ಕೂಡ್ರತಿ. ಅದು ನಿನಗ ಏನರ ಮಾತು ಕೊಟ್ಟೈತಿ?”

“ಇಲ್ರಿ.”

“ಆದ್ರೂ ಹಿಡೀತಿ.”

ಅಜ್ಜ ತಾನೇ ಅವನ ಅಂಗಿಯ ಗುಂಡಿ ಬಿಚ್ಚಿದ. ಶಿವದಾರವನ್ನು ಕೊರಳಿಂದ ತೆಗೆದು, ಕರಡಿಗೆಯನ್ನು ಬಲದೋಳಿಗೆ ಬಿಗಿಯಾಗಿ ಕಟ್ಟಿದ. ಎದೆ ತೆರವಾಯಿತು. ದೇವೇಂದ್ರ ಕೈ ತೊಳೆದು ಬಂದು ಒಳಗಿನ ಕುರ್ಚಿಯಲ್ಲಿ ಒರಗಿ ಕೂತ.

ಸುವಾರ್ತಾ ಗಾಜಿನ ಪೆಟ್ಟಿಗೆಯಿಂದ ಕೂಸನ್ನು ನಳಿಕೆ ಸಮೇತ ಎತ್ತಿ ಅವನ ಎದೆಯ ಮೇಲೆ ಮಲಗಿಸಿದಳು, ಮೇಲೆ ಬಟ್ಟೆ ಹೊದಿಸಿದಳು. ಅಜ್ಜನಿಗೂ ಒಂದು ಗೌನು ತೊಡಿಸಿ, “ಐದೇ ನಿಮಿಷ” ಎಂದು ಒಳಗೆ ಬಿಟ್ಟಳು.

ಕೂಸು ಸೀಬೆಹಣ್ಣಿನಷ್ಟು ತಲೆಯದು. ಕಿವಿ ಇನ್ನೂ ಎಲೆಯಂತೆ ಮೆತ್ತಗೆ. ದೇವೇಂದ್ರ ಮೊದಲ ಸಲ ಮುಖ ನೋಡಿದ. ಹುಬ್ಬು ಗಂಟಿಕ್ಕಿಕೊಂಡಿತ್ತು, ಥೇಟ್ ಅದರ ಅವ್ವನದೇ.

ಯಂತ್ರ ಕೂಗಿತು. ಕೂಸು ಉಸಿರು ಮರೆತಿತ್ತು. ಸುವಾರ್ತಾ ಧಾವಿಸಿ ಬಂದು ಅದರ ಅಂಗಾಲನ್ನು ಬೆರಳಿನಿಂದ ತಟ್ಟಿದಳು.

ಮೊನ್ನೆ ಇದೇ ಕೂಗಿಗೆ ದೇವೇಂದ್ರ ಕೋಣೆ ಬಿಟ್ಟು ಓಡಿದ್ದ. ಈಗ ಎಲ್ಲಿಗೆ ಓಡುತ್ತಾನೆ? ಎದೆಯ ಮೇಲೆ ಒಂದು ಕಿಲೋ ನೂರು ಗ್ರಾಂ ಇದೆ.

“ಕಲ್ಲವ್ವಾ!” ಅವನು ಕ್ಲಾಸಿನಲ್ಲಿ ಕೂಗುವ ದನಿಯಲ್ಲೇ ಅಂದ. “ಉಸಿರಾಡು! ನಾ ಎಲ್ಲೂ ಹೋಗೂದಿಲ್ಲ, ನೀನೂ ಹೋಗಬ್ಯಾಡ! ನಿಮ್ಮವ್ವಗ ನಾ ಏನ್ ಹೇಳಲಿ?”

ಕೂಸು ಬೆಚ್ಚಿತು. ಉಸಿರು ಎಳೆದುಕೊಂಡಿತು. ಯಂತ್ರ ಸುಮ್ಮನಾಯಿತು. ಪುಟ್ಟ ಮುಷ್ಟಿಯೊಂದು ಅವನ ಎದೆಯ ನಾಲ್ಕು ಕೂದಲನ್ನು ಹಿಡಿದುಕೊಂಡಿತು. ನೋವಾಗುವಷ್ಟು ಗಟ್ಟಿ ಹಿಡಿತ.

ಐದು ನಿಮಿಷ ಮುಗಿದು ಬಹಳ ಹೊತ್ತಾಗಿತ್ತು. ಸುವಾರ್ತಾ ಗಡಿಯಾರ ನೋಡದವಳಂತೆ ಬೇರೆ ಪೆಟ್ಟಿಗೆಯ ಕಡೆ ತಿರುಗಿ ನಿಂತಿದ್ದಳು. ಬೆನ್ನು ಹಿಡಿದುಹೋಗಿ ದೇವೇಂದ್ರ ಮೆಲ್ಲಗೆ ಕೇಳಿದ:

“ಅಜ್ಜಾರ, ಎಲ್ಲಿತನಕ ಹಿಂಗ ಹಿಡಕೊಂಡಿರಲಿ?”

ಅಜ್ಜ ಬಗ್ಗಿ ಆ ಮುಷ್ಟಿಯನ್ನು ನೋಡಿದ.

“ಮೊದಲ ಆಕಿ ಬಿಡಲಿ. ಅಲ್ಲಿತನಕ ಯಾರು ಬಿಡು ಅಂದ್ರೂ ಕೇಳಬ್ಯಾಡ. ನಾ ಅಂದ್ರೂ.”