ಹಲಗೆ ಯಾರು ತರಬೇಕು

“ಬುದ್ಧೀ, ಅವನೂ ಸುಳ್ಳಾಡುವವನಲ್ಲ, ನಾನೂ ಅಲ್ಲ. ಅವನೂ ನಿಯಮ ಮೀರುವವನಲ್ಲ, ನಾನೂ ಅಲ್ಲ. ಹಾಗಿದ್ದೂ ನಾವಿಬ್ಬರು ಒಂದು ಕಡೆ ನಿಲ್ಲಲು ಯಾಕೆ ಆಗುತ್ತಿಲ್ಲ?”

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಸಿದ್ಧವೀರ. ಗುಡ್ಡದಾಚೆ ಮಠದವರ ಒಂದು ವಸತಿ ಶಾಲೆ ಇತ್ತು. ಅದನ್ನು ಮೊದಲಿನಿಂದ ನೋಡಿಕೊಂಡವನು ಗುರುಶಾಂತ. ಗುರುಶಾಂತ ಒಳ್ಳೆಯವನು, ಆದರೆ ಬಿರುಸು. ಅವನಿಗೂ ಊರವರಿಗೂ ಆಗಾಗ ಜಟಾಪಟಿ ನಡೆಯುತ್ತಿತ್ತು. ಅದನ್ನು ಕೇಳಿ ಕೇಳಿ ಬೇಸತ್ತ ಸ್ವಾಮಿಗಳು ಸಿದ್ಧವೀರನನ್ನು ಅವರ ನಡುವೆ ನೀನಿರು ಎಂದು ಅಲ್ಲಿಗೆ ಕಳಿಸಿದ್ದರು. ಈಗ ನೋಡಿದರೆ ಜಗಳ ಊರ ಬಾಗಿಲಿನಿಂದ ಅಡುಗೆಮನೆಗೆ ಬಂದಿತ್ತು.

ಹಿಂದಿನ ದಿನ ಶಾಲೆಯಲ್ಲಿ ಒಲೆ ಹೊತ್ತಲಿಲ್ಲ. ಸೌದೆ ತರಿಸುವ ಸರದಿ ನಿನ್ನದು ಎಂದು ಇವನು ಕೂತ, ನಿನ್ನದು ಎಂದು ಅವನು ಕೂತ. ಮಕ್ಕಳು ಒಣ ಅವಲಕ್ಕಿ ತಿಂದು ಮಲಗಿದವು. ಬೆಳಿಗ್ಗೆ ಆ ಮುಖಗಳನ್ನು ನೋಡಿ ಸಿದ್ಧವೀರನ ಕರುಳು ಚುರುಕ್ ಎಂದಿತ್ತು. ಆದರೂ ಸರದಿ ತನ್ನದಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನನ್ನು ಇಟ್ಟುಕೊಳ್ಳಿ, ಇಲ್ಲವೇ ನನ್ನನ್ನು. ಇಬ್ಬರೂ ಇದ್ದರೆ ಶಾಲೆ ಮುಚ್ಚಿದ ಹಾಗೆಯೇ ಎಂದು ಹೇಳಿಬಿಡಲು ಬಂದಿದ್ದ.

ಸ್ವಾಮಿಗಳು ಬಂದರಿನ ಊರಲ್ಲಿ ಹುಟ್ಟಿದವರು. ಕೂತುಕೋ ಎಂದು ಸನ್ನೆ ಮಾಡಿ ಕತೆ ಹೇಳತೊಡಗಿದರು.

ಒಂದು ದ್ವೀಪವಿತ್ತು. ಸಮುದ್ರ ಅದರ ದಡವನ್ನು ವರ್ಷವರ್ಷವೂ ತಿನ್ನುತ್ತಿತ್ತು. ಮಳೆಗಾಲ ಹಿಡಿಯುವ ಮೊದಲು ಕಲ್ಲಿನ ಒಡ್ಡು ಏಳದಿದ್ದರೆ ದಡದ ಮನೆಗಳೆಲ್ಲ ನೀರುಪಾಲು. ಒಡ್ಡಿಗೆ ಬುಲ್ಡೋಜರ್ ಬೇಕು. ಅದನ್ನು ಒಬ್ಬ ಚಾಲಕ ಬಂದರಿಗೆ ತಂದ. ಒಬ್ಬ ಕಪ್ತಾನ ತನ್ನ ಹಡಗಿನಲ್ಲಿ ಒಯ್ಯಲು ಒಪ್ಪಿದ.

ಆ ಯಂತ್ರಕ್ಕೆ ಗಾಲಿ ಇಲ್ಲ. ಕಬ್ಬಿಣದ ಪಟ್ಟಿಯ ಮೇಲೆ ತೆವಳುತ್ತದೆ. ಹಡಗಿನ ನೆಲವೂ ಕಬ್ಬಿಣ. ಅದಕ್ಕೇ ಅಂಥ ಯಂತ್ರ ಏರಿಸುವಾಗ ಮೊದಲು ನೆಲಕ್ಕೆ ದಪ್ಪ ಮರದ ಹಲಗೆ ಹಾಸಿ, ಅದರ ಮೇಲೆ ಯಂತ್ರ ನಿಲ್ಲಿಸಿ, ಆಮೇಲೆ ನಾಲ್ಕೂ ಮೂಲೆಗೆ ಸರಪಳಿ ಬಿಗಿಯುವುದು ಬಂದರಿನ ರೂಢಿ.

ಹಲಗೆ ಯಾರು ತರಬೇಕು? ಸರಕು ತಂದವನೇ ಹಲಗೆ ತರುವುದು ನಮ್ಮ ಹಡಗಿನ ಪದ್ಧತಿ ಎಂದ ಕಪ್ತಾನ. ನೆಲ ಯಾರದೋ ಹಾಸೂ ಅವರದೇ, ಇಷ್ಟು ವರ್ಷ ಹಾಗೇ ನಡೆದಿದೆ ಎಂದ ಚಾಲಕ. ನಿಜ ಹೇಳಬೇಕೆಂದರೆ ಇಬ್ಬರೂ ತಂತಮ್ಮ ಕಡೆ ಕಂಡದ್ದನ್ನೇ ಹೇಳಿದರು. ಬಂದರಿನ ಪಕ್ಕದಲ್ಲೇ ಮರದ ಅಡ್ಡೆ ಇತ್ತು. ಒಬ್ಬನಾದರೂ ಅತ್ತ ಕಾಲು ಹಾಕಲಿಲ್ಲ.

ಕಡೆಗೆ ಇಬ್ಬರೂ ಒಂದೇ ಒಂದು ಮಾತಿಗೆ ಒಪ್ಪಿದರು. ಇಷ್ಟು ಭಾರದ ಯಂತ್ರ ಎಲ್ಲಿಗೆ ಹೋದೀತು? ಸರಪಳಿ ಇನ್ನೊಂದು ಸುತ್ತು ಬಿಗಿದರಾಯಿತು. ಹಲಗೆಯಿಲ್ಲದೆ ಹಡಗು ಹೊರಟಿತು.

ಸಿದ್ಧವೀರನಿಗೆ ಒಳಗೊಳಗೇ ಚಾಲಕನೇ ಸರಿ ಅನ್ನಿಸಿತು. ಸ್ವಾಮಿಗಳು ಅವನ ಮುಖ ನೋಡಿ, ತಡಿಯಪ್ಪ, ತೀರ್ಪು ಕೊಡಲು ಅವಸರ ಬೇಡ ಎಂದು ನಕ್ಕು ಮುಂದುವರಿದರು.

ದಡ ಕಣ್ಮರೆಯಾದ ಮೇಲೆ ಅಲೆ ಪಕ್ಕದಿಂದ ಬಂದು ಬಡಿಯತೊಡಗಿತು. ಹಡಗು ಆ ಕಡೆ ಈ ಕಡೆ ಹೊಯ್ದಾಡಿತು. ಕಬ್ಬಿಣದ ಮೇಲೆ ಕಬ್ಬಿಣ, ಹಿಡಿತ ಎಲ್ಲಿಂದ ಬರಬೇಕು? ಯಂತ್ರ ಮೊದಲು ಗೇಣಷ್ಟು ಸರಿಯಿತು. ಸರಿದಾಗೆಲ್ಲ ಸರಪಳಿಗೆ ಜಗ್ಗು ಬಿತ್ತು. ಬಿಗಿ ನೋಡಲು ಚಾಲಕ ಯಂತ್ರದ ಪಕ್ಕಕ್ಕೆ ಹೋಗಿ ಬಗ್ಗಿದ. ಆಗಲೇ ಒಂದು ಸರಪಳಿ ಫಟ್ಟನೆ ಕಡಿಯಿತು. ಯಂತ್ರ ಅವನ ಮೇಲೇ ಜಾರಿ ಬಂತು. ಅವನು ಹೇಗೆ ಹಾರಿದನೋ ಅವನಿಗೇ ಗೊತ್ತಿಲ್ಲ. ಅವನು ನಿಂತಿದ್ದ ಜಾಗ ಯಂತ್ರಕ್ಕೂ ಹಡಗಿನ ಅಂಚಿಗೂ ನಡುವೆ ಅಪ್ಪಚ್ಚಿಯಾಯಿತು. ಹಡಗು ಆ ಮಗ್ಗುಲಿಗೆ ವಾಲಿತು. ಇನ್ನೊಂದು ಸರಪಳಿ ಕಡಿದರೆ ಯಂತ್ರವೂ ಇಲ್ಲ, ಹಡಗೂ ಇಲ್ಲ, ಒಳಗಿದ್ದವರೂ ಇಲ್ಲ.

ಕಪ್ತಾನ ಇದನ್ನು ಕಣ್ಣಾರೆ ಕಂಡ. ಹಡಗಿನ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿ ಹಿಡಿಯಲು ಹೇಳಿ ತನ್ನ ಕೋಣೆಗೆ ಓಡಿದ. ಅಲ್ಲಿ ಹಲಸಿನ ಮರದ ಮಂಚವಿತ್ತು. ಅವನು ಹುಟ್ಟಿದ ಮನೆಯಿಂದ ತಂದದ್ದು; ಅದರ ಮೇಲೆ ಬೇರೆಯವರನ್ನು ಕೂರಲೂ ಬಿಡುತ್ತಿರಲಿಲ್ಲ. ಅದನ್ನೇ ಕೊಡಲಿಯಿಂದ ಒಡೆದು ಹಲಗೆ ಹೊತ್ತು ತಂದ. ಚಾಲಕ ಅದನ್ನು ನೋಡಿದ. ತನ್ನ ಸಾಮಾನಿನ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಒದ್ದು ಒಡೆದ.

ಹೊಯ್ದಾಟ ತುಸು ಇಳಿಯಿತು. ಖಲಾಸಿಗಳು ಹಲಗೆಗಳನ್ನು ಪಟ್ಟಿಯ ಮುಂದೆ ಹಾಸಿ, ಉಳಿದ ಸರಪಳಿಗಳನ್ನು ಸಡಿಲಿಸಿದರು. ಚಾಲಕ ಜೀವ ಕೈಯಲ್ಲಿ ಹಿಡಿದು ಯಂತ್ರ ಹತ್ತಿ, ಅಲೆ ಅಲೆಯ ನಡುವಿನ ಬಿಡುವು ನೋಡಿ ಅದನ್ನು ಮೆಲ್ಲಗೆ ಹಲಗೆಯ ಮೇಲಕ್ಕೆ ನಡೆಸಿದ. ಪಟ್ಟಿಯ ಹಲ್ಲು ಮರದೊಳಗೆ ಕಚ್ಚಿಕೊಂಡಿತು. ಹೊಸ ಸರಪಳಿ ಬಿಗಿದರು. ಆಮೇಲೆ ಅದು ಕದಲಲಿಲ್ಲ.

ದ್ವೀಪದಲ್ಲಿ ಯಂತ್ರ ಇಳಿಯಿತು. ಹಲಗೆಗಳನ್ನು ಎತ್ತಿ ನೋಡಿದರು. ಮೇಲೆ ಪಟ್ಟಿಯ ಹಲ್ಲಿನ ಗುರುತು, ಕೆಳಗೆ ಹಡಗಿನ ಮೊಳೆತಲೆಯ ಗುರುತು. ನಡುವೆ ಸೀಳುಸೀಳು.

“ನಿಮ್ಮ ಮಂಚ ಹೋಯಿತಲ್ಲ, ಕಪ್ತಾನರೇ” ಎಂದ ಚಾಲಕ.

“ನೆಲದ ಮೇಲೂ ನಿದ್ದೆ ಬರುತ್ತದೆ ಮಾರಾಯ” ಎಂದ ಕಪ್ತಾನ.

ಆ ವರ್ಷ ಮಳೆ ಬರುವಷ್ಟರಲ್ಲಿ ಒಡ್ಡು ಎದ್ದಿತ್ತು. ಹಲಗೆ ಯಾರು ತರಬೇಕಿತ್ತು ಎಂಬುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಸಿದ್ಧವೀರನಿಗೆ ಸಮಾಧಾನವಾಗಲಿಲ್ಲ. ಕಪ್ತಾನ, ಚಾಲಕ ಇಬ್ಬರೂ ಅವನ ಮನಸ್ಸಿನಿಂದ ಜಾರಿಹೋಗಿದ್ದರು. ಆ ಸೀಳಿದ ಹಲಗೆ ಮಾತ್ರ ಕಣ್ಣ ಮುಂದೆ ನಿಂತಿತ್ತು. ಅದರ ಬಗ್ಗೆ ಅವನಿಗೆ ನಿಜಕ್ಕೂ ಮರುಕ ಹುಟ್ಟಿತು.

“ಮೇಲಿನ ಕಬ್ಬಿಣವೂ ಕಚ್ಚಿತು, ಕೆಳಗಿನದೂ ಕಚ್ಚಿತು. ತಪ್ಪೇ ಮಾಡದ ಮರ ನಡುವೆ ಸಿಕ್ಕಿ ನಜ್ಜುಗುಜ್ಜಾಯಿತಲ್ಲ ಬುದ್ಧೀ, ಇದು ಯಾವ ನ್ಯಾಯ?”

ಸ್ವಾಮಿಗಳು ಎದ್ದು ಅವನ ಹೆಗಲ ಮೇಲೆ ಕೈ ಇಟ್ಟರು.

“ನೀನು ಮರ ಅಂದುಕೊಂಡೇ ನಿನ್ನನ್ನು ಅಲ್ಲಿಗೆ ಕಳಿಸಿದ್ದೆನಪ್ಪ.”